ಕ್ಯಾರವಾನಿನಲ್ಲಿ ಎಸಿ ಹಾಕಿ ಮಲಗಿದರೆ ಪ್ರಾಣಕ್ಕೆ ಅಪಾಯವೇ? ಹೌದು, ಆದರೆ ಕೊಲ್ಲುವುದು ಎಸಿ ಗ್ಯಾಸ್ ಅಲ್ಲ

ಟಿ. ನರಸೀಪುರದಲ್ಲಿರುವ ನಮ್ಮ ಅಕ್ಕ-ಭಾವ ಮದುವೆಯಾಗಿ ಹತ್ತು ವರ್ಷವಾಯಿತೆಂದು ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ಕರಾವಳಿ ಸುತ್ತಿ ಬರಲು ಹೊರಟಿದ್ದಾರೆ. ವಿಷಯ ಫ್ಯಾಮಿಲಿ ಗ್ರೂಪಿಗೆ ಗೊತ್ತಾದ ಅರ್ಧ ಗಂಟೆಯಲ್ಲಿ ಚಿಕ್ಕಪ್ಪನಿಂದ ಒಂದು ಫಾರ್ವರ್ಡ್ ಬಂತು. ಎಸಿ ಹಾಕಿಕೊಂಡು ವಾಹನದಲ್ಲಿ ಮಲಗಬೇಡಿ, ಎಸಿಯಿಂದ ವಿಷಾನಿಲ ಬರುತ್ತದೆ, ಕೇರಳದಲ್ಲಿ ಇಬ್ಬರು ಹೀಗೇ ಸತ್ತರು, ಎಲ್ಲರಿಗೂ ಶೇರ್ ಮಾಡಿ ಅಂತ. ಕೆಳಗೆ ಒಂದು ಬಿಳಿ ವ್ಯಾನಿನ ಫೋಟೊ.

ಭಾವ ನನಗೆ ಫೋನ್ ಮಾಡಿದರು. “ನೋಡಮ್ಮ, ನೀನು ಇದನ್ನೆಲ್ಲ ಚೆಕ್ ಮಾಡೋಳು. ಇದು ನಿಜಾನಾ, ಸುಳ್ಳಾ ಹೇಳು. ಅಡ್ವಾನ್ಸ್ ಬೇರೆ ಕೊಟ್ಟಾಗಿದೆ.”

ಸಾವು ನಿಜ. ಕಾರಣ ತಪ್ಪು. ಇಂಥ ಅರ್ಧ ಸತ್ಯದ ಮೆಸೇಜುಗಳೇ ನಮಗೆ ಹೆಚ್ಚು ಕೆಲಸ ಕೊಡುವುದು.

ವಡಕರದಲ್ಲಿ ಆಗಿದ್ದೇನು?

2024ರ ಡಿಸೆಂಬರ್ 23ರಂದು ಕೋಯಿಕ್ಕೋಡ್ ಜಿಲ್ಲೆಯ ವಡಕರ ಬಳಿ, ಹೆದ್ದಾರಿ ಪಕ್ಕ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಅವರು ಪ್ರವಾಸಿಗರಲ್ಲ, ವಾಹನದ ಜೊತೆಗಿದ್ದ ಕೆಲಸದವರು. ದಣಿವಾರಿಸಿಕೊಳ್ಳಲು ಗಾಡಿ ನಿಲ್ಲಿಸಿ, ಎಸಿ ಹಾಕಿ ಮಲಗಿದ್ದರು. ಆ ಎಸಿಗೆ ಕರೆಂಟ್ ಕೊಡುತ್ತಿದ್ದುದು ಗಾಡಿಯಲ್ಲೇ ಇದ್ದ ಜನರೇಟರ್. ಆಮೇಲೆ ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಅದೇ ವಾಹನದಲ್ಲಿ ಜನರೇಟರ್ ಓಡಿಸಿ ಗಾಳಿಯನ್ನು ಅಳೆದು ನೋಡಿದರು. ಜನರೇಟರ್ ಹೊಗೆಯಲ್ಲಿದ್ದ ಕಾರ್ಬನ್ ಮೋನಾಕ್ಸೈಡ್ ನೆಲದಲ್ಲಿದ್ದ ರಂಧ್ರದ ಮೂಲಕ ಒಳಗೆ ಬಂದಿತ್ತು.

ಈ ಊರು ನಮಗೆ ದೂರದ್ದೇನಲ್ಲ. ನರಸೀಪುರದ ಮೇಲೂ ನಂಜನಗೂಡಿನ ಮೇಲೂ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 766, ಗುಂಡ್ಲುಪೇಟೆ, ಬಂಡೀಪುರ, ವಯನಾಡು ದಾಟಿ ಇಳಿಯುವುದು ಕೋಯಿಕ್ಕೋಡಿಗೇ. ನಂಜನಗೂಡಿನಿಂದ ಇನ್ನೂರು ಕಿ.ಮೀ. ಒಳಗೆ ಸಮುದ್ರ. ಅಲ್ಲಿಂದ ಬಲಕ್ಕೆ ಹೆದ್ದಾರಿ 66 ಹಿಡಿದರೆ ವಡಕರ, ಮಾಹೆ, ಗಾಡಿ ಓಡಿಸಬಹುದಾದ ಮುಳಪ್ಪಿಲಂಗಾಡ್ ಬೀಚು, ಬೇಕಲ ಕೋಟೆ, ಹಾಗೇ ಮಂಗಳೂರು. ಅಕ್ಕ-ಭಾವ ಹೊರಟಿರುವ ದಾರಿಯೂ ಇದೇ.

ಎಸಿ ಗ್ಯಾಸ್ ಯಾಕೆ ಅಪರಾಧಿಯಲ್ಲ?

ಎಸಿಯೊಳಗಿನ ಗ್ಯಾಸ್ ಪೈಪಿನಲ್ಲೇ ಸುತ್ತುತ್ತದೆ, ಉರಿಯುವುದಿಲ್ಲ. ಏನನ್ನೂ ಸುಡದ ಯಂತ್ರದಿಂದ ಕಾರ್ಬನ್ ಮೋನಾಕ್ಸೈಡ್ ಬರುವುದಿಲ್ಲ. ಪೆಟ್ರೋಲು, ಡೀಸೆಲ್, ಇದ್ದಿಲು, ಸೌದೆ, ಅಡುಗೆ ಗ್ಯಾಸ್, ಯಾವುದೇ ಇಂಧನ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ “ಎಸಿ ಆನ್ ಇದೆಯಾ” ಎಂಬುದಲ್ಲ, “ಎಸಿ ಓಡಿಸಲು ಎಲ್ಲಿ ಏನು ಉರಿಯುತ್ತಿದೆ” ಎಂಬುದು.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ಹೋಗುತ್ತಾರೆ, ಇಳಿದ ಕಡೆ ಕ್ಯಾಂಪಿನ ಪ್ಲಗ್ಗಿಗೆ ವೈರು ಸಿಗಿಸುತ್ತಾರೆ. ನಮ್ಮಲ್ಲಿ ಕ್ಯಾರವಾನ್ ಎಂದರೆ ಹೆಚ್ಚಾಗಿ ಟೆಂಪೊ ಟ್ರಾವೆಲರನ್ನೇ ಮಾರ್ಪಡಿಸಿದ್ದು. ಪ್ಲಗ್ ಸಿಗುವ ಪಾರ್ಕಿಂಗ್ ಕಡಿಮೆ, ಅದಕ್ಕೇ ಜನರೇಟರ್. ಕಾರಿನ ಸೈಲೆನ್ಸರ್ ಹಾದಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಸಣ್ಣ ಪೆಟ್ರೋಲ್ ಜನರೇಟರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ನೋಡಲು ಪುಟ್ಟದು, ಉಗುಳುವ ವಿಷ ಕಾರಿಗಿಂತ ಬಹಳ ಹೆಚ್ಚು.

ಹಾಗಾದರೆ ಮಾಮೂಲಿ ಕಾರಿನಲ್ಲಿ ಇಂಜಿನ್ ಆನ್ ಮಾಡಿ ಮಲಗಬಹುದಾ? ಅದೂ ಬೇಡ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗೇಟ್ ತಪ್ಪಿದವರು ರಸ್ತೆ ಬದಿಯಲ್ಲಿ ಎಸಿ ಹಾಕಿ ಕಣ್ಣು ಮುಚ್ಚುವುದುಂಟು. ಸೈಲೆನ್ಸರ್ ಪೈಪು ಎಲ್ಲೋ ತುಕ್ಕು ಹಿಡಿದು ಸೀಳಿದ್ದರೆ, ಹಿಂದೆ ಮಣ್ಣಿನ ದಿಬ್ಬಕ್ಕೋ ಗೋಡೆಗೋ ತಾಗಿ ಬಾಯಿ ಮುಚ್ಚಿದ್ದರೆ, ಹೊಗೆ ಗಾಡಿಯ ಕೆಳಗೇ ನಿಂತು ಒಳಗೆ ನುಸುಳುತ್ತದೆ. ಹತ್ತು ಸಲ ಏನೂ ಆಗಿರುವುದಿಲ್ಲ. ಆ ಹತ್ತು ಸಲವೇ ಹನ್ನೊಂದನೆಯ ಸಲಕ್ಕೆ ಧೈರ್ಯ ಕೊಡುತ್ತದೆ. (ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಈ ಭಯ ಇಲ್ಲ, ಅದರಲ್ಲಿ ಉರಿಯುವುದೇ ಏನಿಲ್ಲ.)

ಎಚ್ಚರ ಆಗಲ್ವಾ?

ಭಾವ ಕೇಳಿದ್ದೂ ಇದನ್ನೇ: “ಉಸಿರು ಕಟ್ಟಿದರೆ ಎಚ್ಚರ ಆಗಲ್ವಾ?” ಆಗುವುದಿಲ್ಲ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲಿ ಬೇರೆಯವರು ಕೂತು ಏಳದೇ ಇದ್ದ ಹಾಗೆ. ಉಸಿರಾಟ ಸರಾಗವಾಗಿಯೇ ನಡೆಯುತ್ತಿರುತ್ತದೆ, ಮೆದುಳಿಗೆ ಆಕ್ಸಿಜನ್ ತಲುಪುತ್ತಿರುವುದಿಲ್ಲ. ಎಚ್ಚರ ಇದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು. ಪ್ರಯಾಣದ ಸುಸ್ತು, ಹೋಟೆಲ್ ಊಟ ಸರಿಹೋಗಲಿಲ್ಲ ಅಂದುಕೊಳ್ಳುತ್ತೇವೆ. ಜೊತೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದರೆ ಅನುಮಾನ ಪಡಬೇಕು. ನಿದ್ದೆಯಲ್ಲಿದ್ದವರಿಗೆ ಈ ಅವಕಾಶವೂ ಇಲ್ಲ.

ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಬೆರಳಿಗೆ ಹಾಕಿದರೆ 98 ತೋರಿಸಬಹುದು, ಯಾಕೆಂದರೆ ಕಾರ್ಬನ್ ಮೋನಾಕ್ಸೈಡ್ ಅಂಟಿದ ರಕ್ತಕ್ಕೂ ಆಕ್ಸಿಜನ್ ಇರುವ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಯೇ ನೋಡಬೇಕು. ಸಾಮಾನ್ಯ ಗಾಳಿ ಉಸಿರಾಡಿದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು 4–5 ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಆದ್ದರಿಂದ ಮುಖಕ್ಕೆ ನೀರು ಹಾಕುವುದು, ಮಜ್ಜಿಗೆ ಕುಡಿಸುವುದು ಬಿಟ್ಟು, ಮೊದಲು ಹೊರಗೆ ತೆಗೆದು 108ಕ್ಕೆ ಫೋನ್ ಮಾಡಿ.

ಗ್ರೂಪಿನಲ್ಲೇ ಬಂದ ಉಳಿದ ಸಲಹೆಗಳು

ಕಿಟಕಿ ಒಂದಿಂಚು ತೆಗೆದರೆ ಸಾಕು ಅಂದರು ಅತ್ತೆ. ನಂಬುವಂತಿಲ್ಲ, ಗಾಳಿಯ ದಿಕ್ಕು ನೋಡಿಕೊಂಡು ಅದೇ ಸಂದಿಯಿಂದ ಹೊಗೆ ಒಳಗೂ ಬರಬಹುದು. ವಿಷದ ಗಾಳಿ ಭಾರ, ಕೆಳಗೆ ನಿಲ್ಲುತ್ತೆ, ಮೇಲಿನ ಬರ್ತಿನಲ್ಲಿ ಮಲಗಿ ಅಂದರು ಇನ್ನೊಬ್ಬರು. ಕಾರ್ಬನ್ ಮೋನಾಕ್ಸೈಡಿನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಎಲ್ಲ ಬರ್ತಿಗೂ ಹೋಗುತ್ತದೆ. ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಬರುತ್ತದೆ ಎಂಬ ಹಳೇ ಮೆಸೇಜೂ ಮತ್ತೆ ಬಂತು. ಅದರಲ್ಲಿ ಗಾಳಿಯಲ್ಲಿನ ಅನಿಲವನ್ನು ಚದರ ಅಡಿಯಲ್ಲಿ ಅಳೆದಿದ್ದಾರೆ, ಸೈಟು ಅಳೆದ ಹಾಗೆ. ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ಎರಡು ನಿಮಿಷ ಇಳಿಸಿ ಬಿಸಿಗಾಳಿ ಬಿಡುವುದು ಒಳ್ಳೆಯದೇ, ಆದರೆ ಈ ಸಾವುಗಳಿಗೂ ಬೆಂಜೀನಿಗೂ ಸಂಬಂಧವಿಲ್ಲ.

ಚಳಿಗೆಂದು ವ್ಯಾನಿನೊಳಗೆ, ಟೆಂಟಿನೊಳಗೆ ಇದ್ದಿಲ ಒಲೆ ಇಟ್ಟುಕೊಳ್ಳುವುದರ ಬಗ್ಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಜ್ವಾಲೆ ಆರಿ ಕೆಂಡ ಮಾತ್ರ ಉಳಿದಾಗಲೂ ಅದು ಇದೇ ಅನಿಲವನ್ನು ಬಿಡುತ್ತಿರುತ್ತದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಕಥೆಯೂ ಬೇರೆಯಲ್ಲ.

ಭಾವನಿಗೆ ನಾನು ಹೇಳಿದ್ದು ಇಷ್ಟು. ರಾತ್ರಿ ಪ್ಲಗ್ ಪಾಯಿಂಟ್ ಕೊಡುವ ಹೋಂಸ್ಟೇ ಅಥವಾ ರೆಸಾರ್ಟಿನ ಆವರಣದಲ್ಲಿ ನಿಲ್ಲಿಸಿ. ಇಲ್ಲವೆಂದರೆ ಇಂಜಿನ್ನೂ ಜನರೇಟರೂ ಆಫ್, ಕಿಟಕಿಗೆ ಸೊಳ್ಳೆ ಪರದೆ, ಬ್ಯಾಟರಿ ಫ್ಯಾನು. ಸೆಕೆ ಆಗುತ್ತದೆ, ಆಗಲಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೋನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ತರಿಸಿ. ಹೊಗೆ ಹಿಡಿಯುವ ಸ್ಮೋಕ್ ಅಲಾರಂ ಬೇರೆ, ಅದು ಈ ಕೆಲಸಕ್ಕೆ ಬರುವುದಿಲ್ಲ. ಮತ್ತೆ ಬಾಡಿಗೆ ಕೊಡುವವರನ್ನು ಜನರೇಟರ್ ಎಲ್ಲಿಟ್ಟಿದ್ದಾರೆ, ಅದರ ಹೊಗೆ ಪೈಪು ಎಲ್ಲಿಗೆ ಬಿಟ್ಟಿದ್ದಾರೆ ಅಂತ ಕೇಳಿ.

ಮರುದಿನ ಅಕ್ಕನೇ ಫೋನ್ ಮಾಡಿ ಕೇಳಿದಳಂತೆ. “ಒಳಗೇ ಹಿಂದುಗಡೆ ಬಾಕ್ಸಲ್ಲಿ ಇಟ್ಟಿದ್ದೀವಿ ಮೇಡಂ, ಸೌಂಡೇ ಬರಲ್ಲ” ಅಂದರಂತೆ. ಭಾವ ಈಗ ಅಡ್ವಾನ್ಸ್ ವಾಪಸ್ ಕೇಳುತ್ತಿದ್ದಾರೆ.