ಮಣ್ಣಿನ ಮನೆಯ ಪಾಠ, ಸಭಾಭವನಕ್ಕೆ

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಸೀಮೆಯಲ್ಲಿ ಹಿರಿಯರು ಮನೆಯನ್ನು ಅಳೆಯುವುದು ಅಡಿಗಳಲ್ಲಲ್ಲ, ಅಂಕಣಗಳಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ ಹಾಸಿ ಮಣ್ಣಿನ ಮೇಲ್ಮುದ್ದೆ ಹಾಕುತ್ತಾರೆ. ಮಳೆಗಾಲಕ್ಕೆ ಮುನ್ನ, ನೀರು ಇಳಿಯಗೊಡದ ಕರಲುಮಣ್ಣನ್ನು ಮಾಳಿಗೆಯ ಮೇಲೆ ಮತ್ತೆ ಹರಡುವುದು ವಾಡಿಕೆ. ದಪ್ಪ ಗೋಡೆಗಳಿಗೆ ಕಿಟಕಿ ವಿರಳ. ಬೆಳಕು ಬೀಳುವುದು ಮಾಳಿಗೆಯ ಬೆಳಕಿಂಡಿಯಿಂದ. ವೈಶಾಖದ ಬಿಸಿಲಿನಿಂದ ಪಡಸಾಲೆಗೆ ಕಾಲಿಟ್ಟವರಿಗೆ ಆ ಗೋಡೆಗಳ ಬೆಲೆ ತಿಳಿಯುತ್ತದೆ.

ಹಾಗೆಂದು ಮಣ್ಣಿನ ಮನೆಯನ್ನು ಬರಿದೇ ಹೊಗಳುವುದು ಸಲ್ಲದು. 2019ರ ಆಗಸ್ಟ್ ತಿಂಗಳ ಸತತ ಮಳೆಗೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಬಹುಸಂಖ್ಯೆಯ ಮಣ್ಣಿನ ಮನೆಗಳು ಕುಸಿದವು. ಗೋಡೆಯ ಬುಡ ನೆನೆದರೆ ಮಾಳಿಗೆಯ ಭಾರವೇ ಮನೆಗೆ ಮೃತ್ಯು. ಬಿದ್ದ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟಿಕೊಂಡವರನ್ನು ಯಾರು ತಾನೇ ಆಕ್ಷೇಪಿಸಿಯಾರು?

ಆದರೆ ಸಭಾಭವನ, ರಂಗಮಂದಿರಗಳ ಮಾತು ಬೇರೆ. ಅವನ್ನು ಯೋಚಿಸಿ ಕಟ್ಟಲು ಅವಕಾಶವಿದೆ. ಆದರೂ ಊರೂರಲ್ಲಿ ಏಳುತ್ತಿರುವುದು ಒಂದೇ ಅಚ್ಚಿನ ಕಾಂಕ್ರೀಟ್ ಪೆಟ್ಟಿಗೆ. ಹಗಲಲ್ಲೂ ದೀಪ ಬೇಕು, ಫ್ಯಾನು ಬೇಕು. ಆಡಿದ ಮಾತು ಮಾರ್ದನಿಯಲ್ಲಿ ಕಲಸಿಹೋಗುತ್ತದೆ. ನಮ್ಮ ಧರ್ಮಕೇಂದ್ರಗಳ ಭವನಗಳೂ ಇದಕ್ಕೆ ಹೊರತಲ್ಲ. ಮುಂಭಾಗಕ್ಕೊಂದು ಕಮಾನು, ಎರಡು ಕಮಲ ಅಂಟಿಸಿ ‘ಸಾಂಪ್ರದಾಯಿಕ’ ಎನ್ನುವುದಂತೂ ನಗೆಗೆ ಎಡೆ.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನಾ ವಿಧಿಯ ಶಾಸನವು, ಧರ್ಮಸಭೆಗೆ ತನ್ನದೇ ಎಂಬ ಒಂದು ಕಲಾಶೈಲಿ ಇಲ್ಲವೆಂದೂ ಆಯಾ ಜನರ ಪ್ರತಿಭೆ, ಪರಿಸ್ಥಿತಿಗಳಿಗೆ ಒಪ್ಪುವ ಶೈಲಿಗಳನ್ನು ಅದು ಸ್ವೀಕರಿಸುತ್ತ ಬಂದಿದೆಯೆಂದೂ ತಿಳಿಸಿತು. ದೇವಾಲಯಕ್ಕೆ ಸಲ್ಲುವ ಮಾತು ಅದರ ಮಗ್ಗುಲಿನ ಭವನಕ್ಕೆ ಸಲ್ಲದೆ? ತಿರುವನಂತಪುರದ ಲೊಯೊಲಾ ಸಂಸ್ಥೆಗೆ ವಾಸ್ತುಶಿಲ್ಪಿ ಲಾರಿ ಬೇಕರ್ 1970ರ ದಶಕದ ಆರಂಭದಲ್ಲಿ ಪ್ರಾರ್ಥನಾಲಯವನ್ನೂ ಸಭಾಂಗಣವನ್ನೂ ಕಟ್ಟಿಕೊಟ್ಟರು. ಸ್ಥಳೀಯ ಇಟ್ಟಿಗೆಯ ಜೋಡಿ ಗೋಡೆಗಳು. ಅವುಗಳಲ್ಲಿ ಬಿಟ್ಟ ಜಾಲಂಧ್ರಗಳಿಂದಲೇ ಗಾಳಿ, ಬೆಳಕು.

ಕೇರಳದ ಜಾಲಂಧ್ರವನ್ನು ನಾವು ತರಬೇಕಾಗಿಲ್ಲ. ನಮಗೆ ಬೆಳಕಿಂಡಿಯಿದೆ, ಅಂಕಣದ ಅಳತೆಯಿದೆ, ಬೀದಿಗೆ ತೆರೆದ ಕಟ್ಟೆಯಿದೆ. ಎರೆಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಬುನಾದಿ ಆಳವಾಗಿರಬೇಕು, ಗೋಡೆಯ ಬುಡ ಕಲ್ಲಿನದಾಗಿರಬೇಕು. ಗೋಡೆಗೆ ಕೆಂಪುಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ಈ ವಿಧಾನವನ್ನು ಬೆಳೆಸಿತು.

ರಂಗದ ವಿಷಯವೂ ಇದೆ. ಬೈಲಹೊಂಗಲದ ನೆಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಜನ ಕಂಡದ್ದು ಬಯಲಲ್ಲಿ, ಅಟ್ಟದ ಸುತ್ತ ನೆರೆದು. ಪರದೆಯ ಹಿಂದಿನ ಎತ್ತರದ ವೇದಿಕೆ ಅಂಥ ಆಟವನ್ನು ಪ್ರೇಕ್ಷಕರಿಂದ ಕಿತ್ತು ದೂರವಿಡುತ್ತದೆ. ಮೂರು ಕಡೆ ತೆರೆದ ತಗ್ಗುಕಟ್ಟೆಯಿದ್ದರೆ ನಮ್ಮ ಮಕ್ಕಳ ಕ್ರಿಸ್ಮಸ್ ರೂಪಕಕ್ಕೂ ಅದೇ ಸಾಕು.

ನಕ್ಷೆ ಬರೆಯಿಸುವ ಮುನ್ನ ಊರಿನ ಹಳೆಯ ಗೌಂಡಿಯನ್ನು ಒಮ್ಮೆ ಕರೆಸಿ ಕೇಳುವುದು ಒಳಿತು. 2019ರ ಮಳೆಗೂ ಬೀಳದೆ ನಿಂತ ಮನೆಗಳ ಬುಡದಲ್ಲಿ ಏನಿದೆಯೆಂಬುದನ್ನು ಆತ ಬಲ್ಲ.