ಪಡಸಾಲೆಯಲ್ಲಿ ಮಲಗಿದ ಕಡಲು

ಕಲಬುರಗಿ ಸೀಮೆಯ ಮಣ್ಣೂರಿನಲ್ಲಿ ಭೀಮಾ ಹೊಳೆಯ ನೀರು ಇಳಿದಾಗ ಒಮ್ಮೆ ದಂಡೆಗೆ ಹೋಗಿ. ಮಣ್ಣು ಕುಸಿದಲ್ಲಿ ಬಗ್ಗಿ ನೋಡಿ. ಒಂದು ಗೆರೆ ಮರಳು, ಅದರ ಮೇಲೆ ಬೆರಳು ಗಾತ್ರದ ಮೆಕ್ಕಲು ಮಣ್ಣು, ಮತ್ತೆ ಮರಳು! ಹೊಳೆ ರಭಸದಿಂದ ಬಂದಾಗ ಹರಳುಗಲ್ಲು ಬಿಟ್ಟು ಹೋಗುತ್ತದೆ, ತುಸು ತಣ್ಣಗಾದಾಗ ಮರಳು, ನೀರು ನಿಂತ ಮೇಲೆ ಬೆಣ್ಣೆಯಂಥ ಕೆಸರು. ಜರಡಿ ಹಿಡಿದವರು ಯಾರೂ ಇಲ್ಲ, ಎಲ್ಲ ನೀರಿನದೇ ಕೆಲಸ. ಪದರಗಲ್ಲು ಹುಟ್ಟುವ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಆದರೆ ಮಣ್ಣೂರು, ಅಫಜಲಪುರ, ಆಳಂದ ಕಡೆಯ ಕರಿಗಲ್ಲು ನೀರಿನ ಮಗುವಲ್ಲ, ಬೆಂಕಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ನಮ್ಮ ಎರೆಮಣ್ಣು ಅದೇ ಕಲ್ಲು ಸವೆದು ಪುಡಿಯಾಗಿ ಆದದ್ದು. ಈಗ ಹೊಳೆಯ ಜೊತೆ ಕೆಳಗಿಳಿಯಿರಿ. ಗಾಣಗಾಪುರ ದಾಟಿ, ಜೇವರ್ಗಿ ದಾಟಿ ಶಹಾಬಾದ ಸೀಮೆ ಸೇರುವಷ್ಟರಲ್ಲಿ ಕರಿಗಲ್ಲಿನ ಕಂಬಳಿ ಸರಿದು, ಅದರಡಿ ಮಲಗಿದ್ದ ಇನ್ನೊಂದು ಲೋಕ ಕಣ್ಣು ಬಿಡುತ್ತದೆ!

ಅದು ಕಡಲು. ಹೌದು, ಕಲಬುರಗಿಯ ಬಿಸಿಲಿನ ನೆಲದಲ್ಲಿ ಕಡಲು! ಆ ಕಡಲು ಬಿಟ್ಟುಹೋದ ಕಲ್ಲುಗಳನ್ನು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆದಿದ್ದರು. ಅವುಗಳ ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ತಳದಲ್ಲಿ ಹರಳು ಬೆಸೆದ ಕಲ್ಲು, ಮರಳುಗಲ್ಲು: ಅದು ದಡದ ನೆನಪು. ಅಲೆ ಮುಟ್ಟದ ಕಡೆ ಕೆಸರು ಕೂತು ಜೇಡಿಪದರವಾಯಿತು. ನದಿಯ ಮಣ್ಣು ಬರುವುದು ಕಡಿಮೆಯಾಗಿ ನೀರು ತಿಳಿಯಾದಲ್ಲಿ ಸುಣ್ಣದ ಕೆಸರು ಕಣ ಕಣವಾಗಿ ಇಳಿಯಿತು, ಮೇಲಿನ ಭಾರಕ್ಕೆ ಒತ್ತಿಹೋಗಿ ಗಟ್ಟಿಯಾಯಿತು. ಅದೇ ನಾವು ನೆಲಕ್ಕೆ ಹಾಸುವ ಶಹಾಬಾದ ಫರಸಿ!

ಒಂದು ಫರಸಿಯ ಅಂಚು ನೋಡಿ: ಹಾಳೆ ಮೇಲೆ ಹಾಳೆ ಜೋಡಿಸಿದಂತೆ. ಅದಕ್ಕೇ ಅದು ಹಲಗೆ ಹಲಗೆಯಾಗಿ ಏಳುತ್ತದೆ. ಅಡುಗೆಮನೆಯಲ್ಲಿ ಲಿಂಬೆರಸ ಚೆಲ್ಲಿದ ಕಡೆ ಬಿಳಿ ಕಲೆ ಏಳುತ್ತದಲ್ಲ, ಹುಳಿಗೆ ಸುಣ್ಣ ಕರಗಿದ ಗುರುತು ಅದು. ಎಷ್ಟು ಸೀಳಿದರೂ ಶಂಖ-ಚಿಪ್ಪು ಮಾತ್ರ ಕಾಣುವುದಿಲ್ಲ. ಅಂಥ ಜೀವಿಗಳು ಇನ್ನೂ ಹುಟ್ಟದ ಕಾಲದ ಕಡಲು ಇದು. ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಇನ್ನೂ ಕೆಳಗೆ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಶಿಲ್ಪಿಗಳು ಇದೇ ಸುಣ್ಣಗಲ್ಲಿನಲ್ಲಿ ಅಶೋಕನನ್ನು ಕೆತ್ತಿ, ಮೇಲೆ 'ರಾಯೊ ಅಸೋಕೊ' ಎಂದು ಹೆಸರನ್ನೂ ಕೊರೆದರು. ಇದೇ ಕಲ್ಲು ವಾಡಿ, ಸೇಡಂಗಳಲ್ಲಿ ಸಿಮೆಂಟೂ ಆಗುತ್ತಿದೆ.

ಇವತ್ತು ಮನೆಗೆ ಹೋದಾಗ ಚಪ್ಪಲಿ ಬಿಟ್ಟು ಪಡಸಾಲೆಯ ಫರಸಿಯ ಮೇಲೆ ಒಂದು ಗಳಿಗೆ ನಿಲ್ಲಿ. ಮಕ್ಕಳನ್ನೂ ಕರೆದು, ಕಾಲಡಿ ಇರುವುದು ಕಡಲ ತಳ ಎಂದು ಹೇಳಿ.