ರಾತ್ರಿ ಎಲ್ಲಿ? — ರಾಂಜಣಗಾಂವದ ಹಾದಿಯಲ್ಲಿ ಬಯಲ ನಿದ್ರೆ

ರಾಂಜಣಗಾಂವದ ಮಹಾಗಣಪತಿಯ ದರ್ಶನ ಪುಣೆಯವರಿಗೆ ಇಂದು ಕಷ್ಟದ ಮಾತಲ್ಲ. ಸುಮಾರು 50 ಕಿಲೋಮೀಟರು ದೂರ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಆದರೂ ಸಂಕಷ್ಟಿ ಚತುರ್ಥಿ ಸಮೀಪಿಸಿತೆಂದರೆ, ಈ ಹೆದ್ದಾರಿಯ ಅಂಚಿನಲ್ಲಿ ಹೆಗಲಿಗೆ ಚೀಲ ತೂಗುಹಾಕಿ ನಡೆಯುವವರು ಕಾಣಸಿಗುತ್ತಾರೆ. ಶಿರಡಿಗೆ ನಡೆದು ಹೋಗುವವರದೂ ಇದೇ ಹಾದಿ. ಸಾಮಾನ್ಯ ನಡಿಗೆಯವನು ಒಂದೇ ದಿನದಲ್ಲಿ ರಾಂಜಣಗಾಂವವನ್ನು ಮುಟ್ಟಲಾರ. ಆದುದರಿಂದ ಬಸ್ಸಿನ ಯಾತ್ರಿಕನಿಗಿಲ್ಲದ ಒಂದು ಪ್ರಶ್ನೆ ಅವನ ಮುಂದೆ ಏಳುತ್ತದೆ: ರಾತ್ರಿ ಎಲ್ಲಿ?

ಕೆಲವು ವರ್ಷಗಳ ಹಿಂದೆ, ಮಾರ್ಗಶಿರ ಮಾಸದಲ್ಲಿ, ಪುಣೆಯ ನಾವು ಐದು ಮಂದಿ ಕನ್ನಡಿಗರು ಈ ಪ್ರಶ್ನೆಗೆ ಉತ್ತರವನ್ನು ನಿಶ್ಚಯಿಸಿಕೊಳ್ಳದೆಯೇ ಹೊರಟೆವು. ನಮ್ಮಲ್ಲಿ ಇಬ್ಬರು ಹೆಂಗಸರು. ವಾಘೋಲಿ, ಲೋಣಿಕಂದಗಳನ್ನು ಹಿಂದೆ ಹಾಕಿ, ಹೊತ್ತು ಇಳಿಯುವಾಗ ಭೀಮಾ ನದಿಯ ಸೇತುವೆಗೆ ಬಂದೆವು. ಕಲಬುರಗಿಯ ಕಡೆಯ ಗೆಳೆಯರೊಬ್ಬರು ನೀರನ್ನು ನೋಡುತ್ತ ನಿಂತುಬಿಟ್ಟರು. ಇದೇ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಮುಂದೆ ಗಾಣಗಾಪುರದ ಮಗ್ಗುಲಲ್ಲಿ ಹರಿದು, ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಸೇರುವಳು. “ನಮ್ಮ ಊರಿನ ಹೊಳೆ ನಮಗಿಂತ ಮೊದಲೇ ಇಲ್ಲಿದೆಯಲ್ಲ!” ಎಂದರು ಅವರು.

ಸೇತುವೆ ದಾಟಿ, ಹೆದ್ದಾರಿಯಿಂದ ತುಸು ಒಳಗಿದ್ದ ಹಳ್ಳಿಯೊಂದರ ಮಾರುತಿ ಗುಡಿಯ ಕಟ್ಟೆಯ ಮೇಲೆ ಚೀಲಗಳನ್ನು ಇಳಿಸಿದೆವು. ಹಿರಿಯರೊಬ್ಬರು ಬಂದು ಎಲ್ಲಿಂದ, ಎಲ್ಲಿಗೆ, ಎಷ್ಟು ಮಂದಿ ಎಂದು ಮರಾಠಿಯಲ್ಲಿ ವಿಚಾರಿಸಿದರು. ಉತ್ತರ ಕೇಳಿದ ಮೇಲೆ ನಲ್ಲಿಯನ್ನು ತೋರಿಸಿದರು. ಗುಡಿಯ ದೀಪವನ್ನು ಬೆಳಗಿನವರೆಗೂ ಆರಿಸಬೇಡಿರೆಂದರು. ಅಂಗಳದ ಒಂದು ಮೂಲೆಯನ್ನು ತೋರಿಸಿ, “ಅಲ್ಲಿ ಮಾತ್ರ ಮಲಗಬೇಡಿ, ನಸುಕಿನಲ್ಲಿ ಹಾಲಿನ ಗಾಡಿ ಅಲ್ಲಿಯೇ ಹಿಂದಕ್ಕೆ ಹೊರಳುತ್ತದೆ” ಎಂದು ಎಚ್ಚರಿಸಿದರು. ಅವರ ಮನೆಯ ಅಜ್ಜಿ ನಮ್ಮ ಹೆಂಗಸರಿಬ್ಬರನ್ನು ಕರೆದೊಯ್ದು ತಮ್ಮ ಪಡಸಾಲೆಯಲ್ಲಿ ಮಲಗಿಸಿಕೊಂಡರು.

ಬಯಲಿನಲ್ಲಿ ಮಲಗುವುದು ಒಂದು ವಿದ್ಯೆಯೆಂಬುದನ್ನು ಆ ರಾತ್ರಿ ಅರಿತೆವು. ಹಗಲೆಲ್ಲ ಬಿಸಿಲುಂಡ ಕಲ್ಲು ಮುಂಜಾವಿನ ಹೊತ್ತಿಗೆ ತಣ್ಣಗಾಗಿ ಮೈಯ ಶಾಖವನ್ನೇ ಹೀರಿಕೊಳ್ಳುತ್ತದೆ. ಹೊದೆಯುವುದಕ್ಕಿಂತಲೂ ಹಾಸುವುದೇ ಮುಖ್ಯ. ಹಿರಿಯರು ತರಿಸಿಕೊಟ್ಟ ಜೋಳದ ದಂಟು, ಅದರ ಮೇಲೊಂದು ಗೋಣಿ, ಮೇಲೊಂದು ಕಂಬಳಿ, ಇಷ್ಟಿದ್ದರೆ ದಖನಿನ ಚಳಿಯನ್ನು ಕಳೆಯಬಹುದು. ಮಳೆಗಾಲದಲ್ಲಿ ಹಳ್ಳದ ಪಾತ್ರದಲ್ಲಿ ಮಲಗಬಾರದು. ಬೆಳಿಗ್ಗೆ ಪಾದರಕ್ಷೆಯನ್ನು ಕೊಡವದೆ ಮೆಟ್ಟಬಾರದು. ಚೇಳು ಒಳಗೆ ಸೇರಿರಬಹುದು. ಎಲ್ಲಕ್ಕಿಂತ ಮುಖ್ಯವಾದುದು, ನಿಂತ ಲಾರಿಯ ಹಿಂದಾಗಲಿ ಅಡಿಯಲ್ಲಾಗಲಿ ನೆರಳೆಂದು ಒರಗಲೇಬಾರದು. ಹಿಂದಿನ ಯಾತ್ರಿಕನು ಹುಲಿ ಕಳ್ಳರಿಗೆ ಅಂಜುತ್ತಿದ್ದನು. ಇಂದಿನವನು ಗಾಲಿಗೆ ಅಂಜಬೇಕಾಗಿದೆ.

ಹಿಂದಿನವರಿಗೆ ನಮಗಿಂತ ಧೈರ್ಯ ಹೆಚ್ಚಿತ್ತೆಂದು ನನಗೆ ತೋರುವುದಿಲ್ಲ. ಅವರಿಗೆ ಆಸರೆಗಳು ಹೆಚ್ಚಿದ್ದವು. ಅರವಟ್ಟಿಗೆ, ಅಶ್ವತ್ಥಕಟ್ಟೆ, ಗುಡಿಯ ಪೌಳಿ, ಮನೆಯ ಜಗಲಿ — ಇವುಗಳಲ್ಲಿ ಯಾವುದೂ ಕೇವಲ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಬಾಗಿಲಿನ ಹೊರಗೆ, ಸೂರಿನ ಒಳಗೆ ಇರುವ ಜಗಲಿಯು, ಗುರುತಿಲ್ಲದವನಿಗೂ ಒಂದು ರಾತ್ರಿಯ ಹಕ್ಕು ಉಂಟೆಂದು ಸಾರುತ್ತಿತ್ತು. ರಾಂಜಣಗಾಂವದ ಮುಂದೆ ಈ ರಸ್ತೆ ತಲಪುವ ಅಹಮದ್‌ನಗರಕ್ಕೆ 2024ರಲ್ಲಿ ಅಹಿಲ್ಯಾನಗರವೆಂದು ಹೆಸರಾಯಿತು. ಆ ಜಿಲ್ಲೆಯ ಚೌಂಡಿಯಲ್ಲಿ 1725ರಲ್ಲಿ ಹುಟ್ಟಿದ ಅಹಿಲ್ಯಾಬಾಯಿ ಹೋಳ್ಕರರು ದೇಶದ ಹಲವು ಕ್ಷೇತ್ರಗಳಲ್ಲಿ ಧರ್ಮಶಾಲೆ, ಬಾವಿ, ಘಾಟುಗಳನ್ನು ಕಟ್ಟಿಸಿದವರು. ದೇವರಿಗೆ ಗುಡಿ ಬೇಕಾದಂತೆ, ನಡೆದು ಬರುವವನಿಗೆ ನೆಲೆ ಬೇಕೆಂಬುದನ್ನು ಆ ತಾಯಿ ಬಲ್ಲರು.

ಈಗಲೂ ನೂರಾರು ಕಿಲೋಮೀಟರು ನಡೆಯುವ ಯಾತ್ರೆಗಳು ನಿಂತಿಲ್ಲ. ಆಳಂದಿ ದೇಹೂಗಳಿಂದ ಹೊರಡುವ ಪಾಲಖಿಗಳು ಆಷಾಢ ಶುದ್ಧ ಏಕಾದಶಿಗೆ ಪಂಢರಪುರವನ್ನು ಸೇರುತ್ತವೆ. ಅಲ್ಲಿ ದಿಂಡಿಯ ಗುಡಾರ ಸಾಮಾನುಗಳನ್ನು ಲಾರಿಗಳು ಮುಂದಾಗಿ ಒಯ್ಯುತ್ತವೆ. ಯಾವ ರಾತ್ರಿ ಯಾವ ಊರೆಂಬುದು ಮೊದಲೇ ಗೊತ್ತು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಮಲ್ಲಯ್ಯನ ಭಕ್ತರಿಗೆ ದಾರಿಯ ಹಳ್ಳಿಗಳೇ ಊಟವಿಕ್ಕಿ ತಂಗಲು ಎಡೆ ಕೊಡುತ್ತವೆ. ದೊಡ್ಡ ಗುಂಪಿಗೆ ಊರೇ ಎದುರುಗೊಳ್ಳುತ್ತದೆ. ನಾಲ್ಕೈದು ಮಂದಿಯಾಗಿ ನಡೆಯುವವರ ಪಾಡು ಹಾಗಲ್ಲ. ಹೆದ್ದಾರಿ ಅಗಲವಾದಂತೆ ನೆರಳಿನ ಮರ ಹೋಗುತ್ತದೆ. ಹೊಸ ಮನೆಗಳಿಗೆ ಜಗಲಿಯ ಬದಲು ಕಬ್ಬಿಣದ ಗೇಟು ಬರುತ್ತದೆ. ಹೆಂಗಸರಿಗಂತೂ ಮಲಗುವ ನೆಲಕ್ಕಿಂತ ಶೌಚದ ಮರೆಯೇ ದೊಡ್ಡ ಚಿಂತೆ. ಅದಕ್ಕಂಜಿ ದಿನವಿಡೀ ನೀರು ಕುಡಿಯದೆ ನಡೆಯುವವರುಂಟು. ಇದು ಭಕ್ತಿಯ ಪರೀಕ್ಷೆಯಲ್ಲ, ವ್ಯವಸ್ಥೆಯ ಕೊರತೆ.

ಪರಸ್ಥಳದ ಮೊದಲ ರಾತ್ರಿಯೆಂದರೇನೆಂಬುದನ್ನು ಮುಂಬಯಿ ಪುಣೆಗಳ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಟೆಲಿನ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿ! ರಾಂಜಣಗಾಂವವೂ ಇಂದು ದೇವರ ಊರು ಮಾತ್ರವಲ್ಲ. ಅಲ್ಲಿಯ ಕೈಗಾರಿಕಾ ವಸಾಹತಿಗೆ ದುಡಿಮೆಯನ್ನರಸಿ ಹೊರಗಿನವರು ಬರುತ್ತಾರೆ. ಯಾತ್ರಿಕನಾಗಲಿ ಕೂಲಿಯಾಗಲಿ, ಅಪರಿಚಿತ ಊರಿನಲ್ಲಿ ಕತ್ತಲಾದಾಗ ಇಬ್ಬರ ಪ್ರಶ್ನೆಯೂ ಒಂದೇ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಯಾತ್ರೆಯ ಬಸ್ಸು ಹೊರಡಿಸುವುದು ಸಂತೋಷದ ವಿಷಯ. ಅದರೊಡನೆ ದಾರಿಯ ಒಂದು ಹಳ್ಳಿಯವರೊಡನೆ ಮಾತಾಡಿಕೊಂಡು ಒಂದು ದೀಪ, ಒಂದು ನಲ್ಲಿ, ಹೆಂಗಸರಿಗೊಂದು ಶೌಚಗೃಹ ಇಷ್ಟನ್ನು ನಡೆಸಿದರೆ ಅದೂ ಸೇವೆಯಲ್ಲವೆ?

ಮಲಗುವವನಿಗೂ ಧರ್ಮವುಂಟು. ಕೇಳಿ ಮಲಗಬೇಕು, ದನಿ ತಗ್ಗಿಸಬೇಕು, ಏಳುವಾಗ ನೆಲವನ್ನು ಗುಡಿಸಿ ಹೊರಡಬೇಕು. ಮರುದಿನ ನಾವೂ ಕಟ್ಟೆ ಗುಡಿಸಿ, ದಂಟನ್ನು ಕೊಟ್ಟಿಗೆಗೆ ಮರಳಿಸಿ, ಅಜ್ಜಿಯ ಕಾಲಿಗೆರಗಿ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಪೂರ್ವಾಭಿಮುಖವಾದ ಆ ದೇವಾಲಯದ ಮುಂದೆ ನಿಂತಿದ್ದೆವು. ಮಾಧವರಾವ್ ಪೇಶ್ವೆಯವರು ಕಟ್ಟಿಸಿದ ಶಿಲಾಗರ್ಭಗೃಹದಲ್ಲಿ ಮಹಾಗಣಪತಿಯು ಕುಳಿತಿದ್ದನು. ಕೈ ಮುಗಿದಾಗ ಮನಸ್ಸಿನಲ್ಲಿ ಎದ್ದ ಬೇಡಿಕೆ ಒಂದೇ: ಆ ಗುಡಿಯ ದೀಪ ಈ ರಾತ್ರಿಯೂ ಯಾರಿಗಾದರೂ ಉರಿಯುತ್ತಿರಲಿ.